ಹಿಂದಿನಿಂದ ಕಂಡ ಕುರಿ

ಮಧುಗಿರಿಯಿಂದ ಪಾವಗಡಕ್ಕೆ ಹೊರಟಿದ್ದ ಬಸ್ಸು ಮಿಡಿಗೇಶಿಯಲ್ಲಿ ನಿಂತಿತ್ತು. ಹೊರಗೆ ಜಡಿಮಳೆ. ಒದ್ದೆ ಕಂಬಳಿ ಹೊದ್ದ ಮುದುಕನೊಬ್ಬ ಹತ್ತಿದ. ಅರ್ಧ ಬಸ್ಸು ಖಾಲಿಯಿದ್ದರೂ ನನ್ನನ್ನೇ ಹುಡುಕಿಕೊಂಡು ಬಂದವನ ಹಾಗೆ ಪಕ್ಕದಲ್ಲೇ ಕೂತ. ಒದ್ದೆ ಉಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಅದು ಗೊತ್ತಿಲ್ಲದವರಿಗೆ ವಿವರಿಸಿ ಹೇಳುವ ಉಪಕಾರವನ್ನು ನಾನು ಮಾಡುವುದಿಲ್ಲ. ನಾನು ಹುಟ್ಟಿದ್ದೇ ಆ ವಾಸನೆಯಲ್ಲಿ. ಶಿರಾದಲ್ಲಿ ನಮ್ಮ ಅಬ್ಬಾ ಉಣ್ಣೆ ವ್ಯಾಪಾರಿ. ಗೋದಾಮಿನ ಹಿಂದೆಯೇ ಮನೆ. ಮಳೆಗಾಲದಲ್ಲಿ ಶಾಲೆಗೆ ಹೋದರೆ ಪಕ್ಕದ ಹುಡುಗ ಬೆಂಚಿನ ತುದಿಗೆ ಸರಿದು ಕೂರುತ್ತಿದ್ದ. ನಾನು ಕಂಪ್ಯೂಟರ್ ಕಲಿತದ್ದಕ್ಕೆ ಇದ್ದ ನಿಜವಾದ ಕಾರಣವೆಂದರೆ ಅದಕ್ಕೆ ವಾಸನೆ ಇಲ್ಲ ಎನ್ನುವುದು. ಅದೆಂಥ ತಪ್ಪು ತಿಳಿವಳಿಕೆ ಎಂದು ಗೊತ್ತಾದದ್ದು, ವರ್ಷಗಳ ಹಿಂದೆ ಕುರಿ ಸಾಕುವವರ ಸಂಘವೊಂದರಲ್ಲಿ ಕೆಲಸಕ್ಕಿದ್ದ ಆ ಒಂದು ಮಳೆಗಾಲದಲ್ಲಿ.

ಅದೇ ಸಂಘದಿಂದ ಆವತ್ತು ಬೆಳಿಗ್ಗೆ ನನ್ನ ಫೋನಿಗೆ ಒಂದು ಮೆಸೇಜು ಬಂದಿತ್ತು. ಉತ್ತರ ಕೊಟ್ಟಿರಲಿಲ್ಲ. ಕೊಡುವ ಮನಸ್ಸೂ ಇರಲಿಲ್ಲ.

ಸಂಘದ ಕಚೇರಿ ಇದ್ದದ್ದು ಮಧುಗಿರಿಯಲ್ಲಿ. ಮುಂದಿನ ಕೋಣೆ ಕಂಪ್ಯೂಟರಿಗೆ, ಹಿಂದಿನದು ಕುರಿ ಔಷಧಿಗೂ ಯಾರೂ ಕೊಳ್ಳದೆ ಬಿದ್ದಿದ್ದ ಉಣ್ಣೆ ಮೂಟೆಗಳಿಗೂ. ಬಾಗಿಲು ತೆಗೆದ ಮೊದಲ ದಿನವೇ ಅಬ್ಬಾನ ಗೋದಾಮು ಎದುರು ಬಂದು ಸಲಾಮು ಹೊಡೆಯಿತು. ಇಷ್ಟೆಲ್ಲ ಓದಿ ಬಂದು ಸೇರಿದ್ದು ಇಲ್ಲಿಗೇ ಎಂದು ನನ್ನ ಮೇಲೇ ಹೇಸಿಗೆಯಾಯಿತು.

ನನ್ನ ಕೆಲಸ ಅರ್ಥವಾಗಬೇಕಾದರೆ ಕುರಿಯ ಕಿವಿಯ ವಿಷಯ ಸ್ವಲ್ಪ ಹೇಳಬೇಕು. ಮರಿ ಸ್ವಲ್ಪ ಬಲಿತ ಮೇಲೆ ಕಿವಿಯ ಅಂಚನ್ನು ಕತ್ತರಿಸಿ ಮನೆತನದ ಗುರುತು ಮಾಡುತ್ತಾರೆ. ಒಬ್ಬರದು ತುದಿಯಲ್ಲಿ ಸೀಳು, ಇನ್ನೊಬ್ಬರದು ಅಂಚಿನಲ್ಲಿ ಅರ್ಧಚಂದ್ರ, ಮತ್ತೊಬ್ಬರದು ಓರೆ ಕಚ್ಚು. ಮಂದೆಗಳು ಬೆರೆತುಹೋದಾಗ, ಕಳ್ಳತನವಾದಾಗ, ಆ ಕಿವಿಯೇ ಸಾಕ್ಷಿ. ನಮ್ಮ ಸಂಘದ ಹಳ್ಳಿಗಳಲ್ಲಿ ಅಣ್ಣತಮ್ಮಂದಿರು ಬೇರೆಯಾದರೆ ಗುರುತೂ ಪಾಲಾಗುತ್ತಿತ್ತು. ಅಣ್ಣ ಒಂದು ಕಿವಿ ಇಟ್ಟುಕೊಂಡರೆ ತಮ್ಮ ಅದೇ ಕಚ್ಚನ್ನು ಇನ್ನೊಂದು ಕಿವಿಗೆ ಹಾಕುತ್ತಿದ್ದ. ಮನೆತನ ಒಂದೇ, ಕಿವಿ ಬೇರೆ.

ಇಂಥ ಗುರುತುಗಳನ್ನು ಹಾಕಿಡುವ ಒಂದು ವೆಬ್ ಅಪ್ಲಿಕೇಶನ್ನನ್ನು ಯಾರೋ ಪುಣ್ಯಾತ್ಮ ಬರೆದು, ಯಾರು ಬೇಕಾದರೂ ಬಳಸಿಕೊಳ್ಳಿ ಎಂದು ಓಪನ್ ಸೋರ್ಸ್ ಮಾಡಿ ಇಂಟರ್ನೆಟ್ಟಿನಲ್ಲಿ ಬಿಟ್ಟಿದ್ದ. ಬಿಟ್ಟವನು ಮತ್ತೆ ತಿರುಗಿ ನೋಡಿರಲಿಲ್ಲ. ಅವನ ಹೆಸರಿಲ್ಲ, ವಿಳಾಸವಿಲ್ಲ. ಕೇಳಿದ ಪ್ರಶ್ನೆಗಳು ವರ್ಷಗಟ್ಟಲೆ ಉತ್ತರವಿಲ್ಲದೆ ಸಾಲಾಗಿ ನಿಂತಿದ್ದವು. ನನಗಿಂತ ಮುಂಚೆ ಇದ್ದವರು ಹೇಗೋ ಅದನ್ನು ಸಂಘಕ್ಕೆ ತಂದು ಹಾಕಿಕೊಂಡಿದ್ದರು. ಅದು ನಡೆಯುತ್ತಿತ್ತು. ಸಂಘದ ಬಹುಪಾಲು ಜನಕ್ಕೆ ಓದು ಬರದ ಕಾರಣ ಅದರಲ್ಲಿ ಅಕ್ಷರಕ್ಕಿಂತ ಚಿತ್ರವೇ ಮುಖ್ಯ. ಹೆಸರು ಒತ್ತಿದರೆ ಒಂದು ಕುರಿಯ ಚಿತ್ರ ಬಂದು, ಅದರ ಕಿವಿಯ ಮೇಲೆ ಆ ಮನೆಯ ಗುರುತು ಮೂಡುತ್ತಿತ್ತು.

ಚಿತ್ರವೇನೋ ಸರಿ, ಆದರೆ ಅದು ಕುರಿಯ ಮುಖವಲ್ಲ, ಹಿಂಭಾಗ. ದಪ್ಪ ಎರಡು ತೊಡೆ, ನಡುವೆ ಜೋತುಬಿದ್ದ ಬಾಲ, ಬಾಲಕ್ಕೆ ಅಂಟಿಕೊಂಡ ಹಿಕ್ಕೆಯನ್ನೂ ಬಿಡದೆ ಬರೆದಿದ್ದ ಮಹಾನುಭಾವ. ಆ ಬೆಟ್ಟದಂಥ ಅಂಡಿನ ಮೇಲೆ, ತೀರಾ ದೂರದಲ್ಲಿ, ಎರಡು ಕಿವಿ. ಬೆಳಿಗ್ಗೆ ಬಂದು ಕಂಪ್ಯೂಟರ್ ಹಚ್ಚಿದರೆ ನನಗೆ ಮೊದಲು ಸಿಗುತ್ತಿದ್ದ ದರ್ಶನ ಅದು. ಬರೆದವನ ಅಭಿರುಚಿಗೆ ಥೂ ಅಂದುಕೊಂಡೇ ಕೆಲಸ ಶುರುಮಾಡುತ್ತಿದ್ದೆ.

ಮಳೆ ಹಿಡಿಯುವ ಹೊತ್ತಿಗೆ ಸರ್ವರ್ ಕೊಟ್ಟಿದ್ದ ಕಂಪನಿಯಿಂದ ಪತ್ರ ಬಂತು. ನಿಮ್ಮ ಅಪ್ಲಿಕೇಶನ್ ನಿಂತಿರುವ ಫ್ರೇಮ್‌ವರ್ಕಿನ ಆವೃತ್ತಿ ಹಳೆಯದು, ಈ ಮಳೆಗಾಲ ಮುಗಿಯುವುದರೊಳಗೆ ಹೊಸದಕ್ಕೆ ಬದಲಾಯಿಸದಿದ್ದರೆ ನಿಲ್ಲಿಸಿಬಿಡುತ್ತೇವೆ ಎಂದು. ಫ್ರೇಮ್‌ವರ್ಕ್ ಅಂದರೆ ಮನೆ ಕಟ್ಟುವವನಿಗೆ ಸಿಗುವ ಸಿದ್ಧ ಕಂಬ, ತೊಲೆ, ಬಾಗಿಲ ಚೌಕಟ್ಟು ಅನ್ನಿ. ಕೆಲವು ವರ್ಷಕ್ಕೊಮ್ಮೆ ಅದನ್ನು ಮಾಡುವವರಿಗೆ ಏನೋ ಜ್ಞಾನೋದಯವಾಗಿ ಕಂಬದ ಅಳತೆ ಬದಲಾಯಿಸುತ್ತಾರೆ. ಹಳೆಯ ಅಳತೆಯ ಮನೆಯಲ್ಲಿರುವವರು ತಮ್ಮ ಪಾಡು ತಾವು ನೋಡಿಕೊಳ್ಳಬೇಕು. ನೇರವಾಗಿ ಹಳೆಯದರಿಂದ ಹೊಸದಕ್ಕೆ ಹಾರುವಂತೆಯೂ ಇಲ್ಲ. ನಡುವೆ ಬಂದ ಒಂದೊಂದು ಆವೃತ್ತಿಗೂ ಹತ್ತಿ, ಅಲ್ಲಿ ಮುರಿದದ್ದನ್ನು ರಿಪೇರಿ ಮಾಡಿ, ಮುಂದಿನದಕ್ಕೆ ಹತ್ತಬೇಕು. ನಿನ್ನೆಯವರೆಗೆ ಸರಿಯಿದ್ದ ಸಾಲು ಇವತ್ತು ತಪ್ಪು. ಪರದೆಯ ತುಂಬ ಕೆಂಪು ಅಕ್ಷರ. ಲೈಬ್ರರಿ ಎನ್ನುವ, ಬೇರೆಯವರು ಬರೆದಿಟ್ಟ ಸಣ್ಣ ತುಣುಕೊಂದನ್ನು ತೆಗೆದರೆ ಅದನ್ನು ನೆಚ್ಚಿಕೊಂಡಿದ್ದ ಇನ್ನಷ್ಟು ಉರುಳುತ್ತವೆ. ಅವನ್ನೆಲ್ಲ ಬರೆದವರೂ ಕೈಬಿಟ್ಟು ಹೋಗಿದ್ದಾರೆ. ಬೇರೆಯವರು ಉಂಡೆದ್ದ ಎಲೆಗಳನ್ನು ಎತ್ತುವ ಕೆಲಸವೂ ಇದಕ್ಕಿಂತ ವಾಸಿ, ಅಲ್ಲಿ ಉಂಡವರ ಮುಖವನ್ನಾದರೂ ನೋಡಬಹುದು.

ಆ ದಿನಗಳಲ್ಲಿ ಆಗಾಗ ಕಚೇರಿಗೆ ಬರುತ್ತಿದ್ದವಳು ಕರಿಯಮ್ಮ. ಮಿಡಿಗೇಶಿ ಹತ್ತಿರದ ಹಳ್ಳಿಯವಳು. ಗಂಡ ತೀರಿಕೊಂಡ ಮೇಲೆ ಮಂದೆಯನ್ನು ತಾನೇ ಮೇಯಿಸುತ್ತಿದ್ದಳು. ಹೊಲ ಮೈದುನ ರಂಗಪ್ಪನ ಕೈಯಲ್ಲಿತ್ತು, ಮನೆ ಇನ್ನೂ ಸತ್ತ ಮಾವನ ಹೆಸರಲ್ಲೇ ಇತ್ತು. ಅವಳ ಹೆಸರಿಗೆಂದು ಎಲ್ಲಾದರೂ ಏನಾದರೂ ಇದ್ದರೆ ಅದು ನಮ್ಮ ಕಂಪ್ಯೂಟರಿನಲ್ಲಿದ್ದ ಆ ಕಿವಿ. ಎಡಗಿವಿಯಲ್ಲಿ ಓರೆ ಕಚ್ಚು. ರಂಗಪ್ಪನದು ಅದೇ ಕಚ್ಚು, ಬಲಗಿವಿಯಲ್ಲಿ.

"ನಯಾಜಪ್ಪ, ಕಂಪ್ಯೂಟ್ರು ಬದಲಾಯಿಸ್ತೀಯಂತೆ. ನನ್ ಗುರ್ತು ಎಲ್ಲೂ ಓಗಾಕಿಲ್ಲ ಅಲ್ವಾ?" ಎಂದು ಕೇಳುತ್ತಿದ್ದಳು.

"ಎಲ್ಲೂ ಹೋಗಲ್ಲ ಬಿಡಮ್ಮ."

"ಒಂದ್ಸಲ ತೋರ್ಸು."

ಆ ಹೇಸಿಗೆ ಚಿತ್ರ ತೆರೆದು ತೋರಿಸುತ್ತಿದ್ದೆ. ಅವಳು ಬಗ್ಗಿ, ಬೆರಳಿನಿಂದ ಎಡಗಡೆಯ ಕಿವಿ ಮುಟ್ಟಿ, ಸಮಾಧಾನದಿಂದ ಹೋಗುತ್ತಿದ್ದಳು. ಬೆರಳಿನ ಗುರುತು ಒರೆಸುವುದು ನನ್ನ ಪಾಲಿಗೆ.

ಹೊಸ ಸರ್ವರಿನ ಖರ್ಚು ಕೊಡಲು, ದಾನಿಗಳ ಹಣದಲ್ಲಿ ನಡೆಯುವ ಒಂದು ಪ್ರಾಜೆಕ್ಟಿನವರು ಒಪ್ಪಿದ್ದರು. ಅವರ ಪರವಾಗಿ ವಿಕಾಸ್ ಎಂಬಾತ ಬಂದ. ಬಿಳಿ ಬೂಟು, ಮಧುಗಿರಿಯ ಕೆಸರು. ಕಚೇರಿಯೊಳಗೆ ಕಾಲಿಟ್ಟವನೇ ಕರವಸ್ತ್ರ ಮೂಗಿಗೆ ಹಿಡಿದ. ಅಷ್ಟರ ಮಟ್ಟಿಗೆ ನನಗೆ ಅವನ ಮೇಲೆ ಗೌರವವೇ ಬಂತು. ಪರದೆಯ ಮೇಲಿನ ಚಿತ್ರ ನೋಡಿದ ಮೇಲೆ ಕರವಸ್ತ್ರ ಕೆಳಗಿಳಿಸುವುದನ್ನೇ ಮರೆತ.

"ಇದನ್ನ ದಾನಿಗಳಿಗೆ ತೋರಿಸೋಕಾಗುತ್ತಾ ಸರ್? ತುಂಬಾ ಅಸಹ್ಯವಾಗಿದೆ."

ಅಸಹ್ಯವಾಗಿದ್ದದ್ದು ಸುಳ್ಳಲ್ಲ. ನಾನು ಒಳಗಿನ ಕೆಲಸ ಮಾಡುವುದು, ಕಣ್ಣಿಗೆ ಕಾಣುವ ಹೊರಗಿನದನ್ನು ಅವನ ಕಡೆಯವರು ಮಾಡುವುದು ಎಂದು ತೀರ್ಮಾನವಾಯಿತು. ಕೆಲವು ವಾರಗಳಲ್ಲಿ ಹೊಸ ಕುರಿ ಬಂತು. ಅಬ್ಬಬ್ಬಾ! ನೀಲಿ ಹಿನ್ನೆಲೆ, ದುಂಡು ಮುಖ, ರೆಪ್ಪೆಯುಳ್ಳ ಕಣ್ಣು, ತುಟಿಯ ಮೇಲೆ ನಗು. ಜಗತ್ತಿನಲ್ಲಿ ಯಾವ ಕುರಿಯೂ ಹಾಗೆ ನಕ್ಕಿಲ್ಲ. ನಗುವಂಥದ್ದೇನೂ ಅವುಗಳ ಬದುಕಿನಲ್ಲಿ ಆಗುವುದೂ ಇಲ್ಲ. ಎಡ, ಬಲ ಎಂದು ಹಿಂದೆ ಇದ್ದ ಎರಡು ಪದಗಳನ್ನೂ ಕಿತ್ತುಹಾಕಿದ್ದರು. "ಚಿತ್ರವೇ ಮಾತಾಡಬೇಕು ಸರ್" ಎಂದ ವಿಕಾಸ್. ಹಳೆಯ ಅಂಡಿಗಿಂತ ಈ ನಗುವೇ ನನಗೆ ಹೆಚ್ಚು ವಾಕರಿಕೆ ತಂದಿತು. ಆದರೆ ಗುರುತುಗಳೆಲ್ಲ ಇದ್ದವು. ಹಳೆಯ ಚಿತ್ರದಲ್ಲಿ ಪರದೆಯ ಎಡಗಡೆ ಇದ್ದದ್ದು ಹೊಸದರಲ್ಲೂ ಎಡಗಡೆಯೇ ಇತ್ತು. ಗಡುವಿಗೆ ಮುಂಚೆ ಕೆಲಸ ಮುಗಿಯಿತು. ಅಧ್ಯಕ್ಷ ಓಬಳಪ್ಪನವರು ಪಾವಗಡದ ಕಡೆಯವರು, ಮಾತಿನಲ್ಲಿ ಅರ್ಧ ತೆಲುಗು. "ಭಲೇ ಉಂದಿ ಕಣಯ್ಯಾ!" ಎಂದು ನನ್ನ ಬೆನ್ನು ತಟ್ಟಿದರು. ವಿಕಾಸ್‌ನ ಕಡೆಯವರು ಹಳೆಯದನ್ನು ಸರ್ವರಿನಿಂದ ತೆಗೆದುಹಾಕಿದರು. ನನ್ನ ಲ್ಯಾಪ್‌ಟಾಪಿನಲ್ಲಿ ಒಂದು ನಕಲು ಉಳಿದಿತ್ತು, ಅಳಿಸಲು ಸೋಮಾರಿತನವಾಗಿ.

ಅದಾದ ಮೇಲೆ ಒಂದು ಸಂಜೆ ಮಿಡಿಗೇಶಿ ಬೆಟ್ಟದ ಬುಡದಲ್ಲಿ ಸಿಡಿಲು ಹೊಡೆದು, ಕರಿಯಮ್ಮನ ಮಂದೆ ದಿಕ್ಕೆಟ್ಟು ಓಡಿತು. ಅರ್ಧದಷ್ಟು ಕುರಿಗಳು ಹೋಗಿ ರಂಗಪ್ಪನ ಮಂದೆಯಲ್ಲಿ ಸೇರಿಕೊಂಡವು. ಇದೇನೂ ಹೊಸದಲ್ಲ. ಮಾರನೆಯ ದಿನ ಕಿವಿ ನೋಡಿ ಬಿಡಿಸಿಕೊಂಡು ಬರುವುದು ಎಲ್ಲರ ಪದ್ಧತಿ. ಅವಳು ಹೋಗಿ ಕೇಳಿದರೆ ರಂಗಪ್ಪ ಫೋನು ತೆಗೆದು ತೋರಿಸಿದ. ಅವನು ಸಂಘದ ನಿರ್ದೇಶಕ ಬೇರೆ. ಹೊಸ ಅಪ್ಲಿಕೇಶನ್ನಿನಲ್ಲಿ ಅತ್ತಿಗೆಯ ಹೆಸರು ಒತ್ತಿದರೆ ನಗುವ ಕುರಿ. ಗುರುತು ಇದ್ದದ್ದು ಚಿತ್ರದ ಎಡಗಡೆಯಲ್ಲಿ. ಆದರೆ ನಮ್ಮ ಕಡೆ ಮುಖ ಮಾಡಿ ನಿಂತ ಕುರಿಗೆ ಅದು ಬಲಗಿವಿ.

ಅಂದರೆ ಹೊಸ ಕಂಪ್ಯೂಟರಿನ ಪ್ರಕಾರ ಎಡಗಿವಿ ಕಚ್ಚಿನ ಕುರಿಗಳೆಲ್ಲ ರಂಗಪ್ಪನವು. ಹಾಗಾದರೆ ತನ್ನ ಬಲಗಿವಿಯ ಕುರಿಗಳು ಅತ್ತಿಗೆಯವಾಗಬೇಕಲ್ಲ ಎಂಬ ಮಾತನ್ನು ಮಾತ್ರ ಅವನು ಎತ್ತಲಿಲ್ಲ.

ಕರಿಯಮ್ಮ ನೆನೆದುಕೊಂಡೇ ಕಚೇರಿಗೆ ಬಂದಳು. ಆವತ್ತು ಚಿತ್ರ ತೋರಿಸು ಎನ್ನಲಿಲ್ಲ. "ಇಂಗ್ಯಾಕ್ ಮಾಡ್ಬುಟ್ರಿ ನಯಾಜಪ್ಪ?" ಎಂದಷ್ಟೇ ಕೇಳಿ ಉಣ್ಣೆ ಮೂಟೆಗೆ ಒರಗಿ ಕೂತಳು. ನನಗೆ ಏನೂ ಅರ್ಥವಾಗಲಿಲ್ಲ. ಹಳೆಯ ನಕಲನ್ನು ತೆರೆದೆ. ಆ ತೊಡೆ, ಬಾಲ, ಹಿಕ್ಕೆ. ಹಿಂದಿನಿಂದ ನೋಡಿದರೆ ಕುರಿಯ ಎಡ ನಮ್ಮ ಎಡವೇ. ಮುಂದಿನಿಂದ ನೋಡಿದರೆ ತಿರುವುಮುರುವು. ಎಂಥ ಗಾಂಪರು! ಮುಖ ತಿರುಗಿಸಿದವರು ಕಿವಿಗಳನ್ನು ಇದ್ದಲ್ಲೇ ಬಿಟ್ಟಿದ್ದರು. ಹೆಸರಿಲ್ಲದ ಆ ಮನುಷ್ಯ ಯಾಕೆ ಅಂಡು ಬರೆದಿದ್ದನೆಂಬುದು ಆಗ ತಿಳಿಯಿತು. ಕುರಿ ಮೇಯಿಸುವವರು ಕಾಣುವುದು ಅದನ್ನೇ, ದಿನವಿಡೀ, ಜೀವಮಾನವಿಡೀ. ಅವನು ಮಂದೆಯ ಹಿಂದೆ ನಡೆದವನೇ ಇರಬೇಕು.

ವಿಕಾಸ್‌ಗೆ ಫೋನು ಮಾಡಿದೆ. "ಹೌದಾ ಸರ್? ಮುಂದಿನ ಅಪ್‌ಡೇಟ್‌ನಲ್ಲಿ ನೋಡೋಣ. ಆದ್ರೆ ಆ ಹಳೇ ಚಿತ್ರ ಮಾತ್ರ ಬೇಡ" ಎಂದ. ನಾನು ಆಡಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ, ಉರ್ದುವಿನಲ್ಲಿದ್ದದ್ದರಿಂದ ಅವನಿಗೆ ಪೂರ್ತಿ ಅರ್ಥವಾಗಿರಲಿಕ್ಕೂ ಇಲ್ಲ.

ಹಳೆಯ ನಕಲಿನ ವಿಷಯ ಹೇಳಲು ಓಬಳಪ್ಪನವರ ಹತ್ತಿರ ಹೋದರೆ ಅವರು ಇನ್ನೊಂದು ಥರ. "ಸರೇ ನಯಾಜು, ಸೋಮವಾರ ಎಲ್ಲಾರೂ ಓಗಿ ಕುರಿ ನೋಡಾನ. ಅಲ್ಲಿವರ್ಗೂ ಸುಮ್ನಿರು." ನಾನು ಹಳೆಯ ನಕಲು ತೋರಿಸುತ್ತೇನೆಂಬ ಸುದ್ದಿ ಸೋಮವಾರಕ್ಕೆ ಮುಂಚೆಯೇ ಮಿಡಿಗೇಶಿ ಮುಟ್ಟಿತ್ತು. ಯಾರ ಬಾಯಿಂದ ಹೋಯಿತೋ ಕೇಳಬೇಡಿ. ಆಗ ಅಲ್ಲಿದ್ದದ್ದು ನಾವಿಬ್ಬರೇ.

ಸೋಮವಾರವೂ ಮಳೆ. ರಂಗಪ್ಪನ ರೊಪ್ಪ ಎಂದರೆ ಜಾಲಿ ಮುಳ್ಳಿನ ಬೇಲಿ ಹಾಕಿದ ಕುರಿಯ ದೊಡ್ಡಿ. ಒಳಗೆ ಮಂಡಿವರೆಗೆ ಕೆಸರು, ಹಿಕ್ಕೆ, ಉಚ್ಚೆ. ನಿರ್ದೇಶಕರೆಲ್ಲ ಕೊಡೆ ಹಿಡಿದು ಬೇಲಿಯ ಹೊರಗೇ ನಿಂತರು. ನಾನು ಲ್ಯಾಪ್‌ಟಾಪನ್ನು ಗೋಣಿಚೀಲದಡಿ ಹಿಡಿದು ಹಳೆಯ ಚಿತ್ರ ತೋರಿಸಿದೆ. ಕಿವಿ ಯಾಕೆ ತಿರುವುಮುರುವಾಯಿತೆಂದು ಹೇಳಿದೆ.

ರಂಗಪ್ಪ ನಕ್ಕ. "ಅದು ಬಿಟ್ಟಾಕಿದ್ದಲ್ವಾ ಸಾಬ್ರೇ? ಬರ್ದೋನೇ ಬಿಟ್ಟೋಗವ್ನೆ. ಈಗ ನಡೀತಿರೋದು ಹೊಸ್ದು. ಕಂಪ್ಯೂಟ್ರೇ ಹೇಳ್ತೈತೆ, ನಾನೇನ್ ಮಾಡಾಕಾಗ್ತದೆ? ಆಮ್ಯಾಕೆ, ನೋಡ್ಕಳಿ, ನನ್ ಗುರ್ತೂ ಐತೆ."

ಒಂದು ಕುರಿಯನ್ನು ಕಿವಿ ಹಿಡಿದೇ ಎಳೆದು ತಂದ. ಎಡಗಿವಿಯಲ್ಲಿ ಹಳೆಯ ಕಚ್ಚು, ಅಂಚಿನ ಮೇಲೆ ಕೂದಲು ಬೆಳೆದು ಮಾಸಿದ್ದು. ಬಲಗಿವಿಯಲ್ಲೂ ಅದೇ ಕಚ್ಚು. ಅದು ಹಸಿಯಾಗಿತ್ತು. ರಕ್ತ ಕಪ್ಪಗಟ್ಟಿ, ಮಳೆನೀರು ಕುಡಿದು ಊದಿ, ಒಳಗೆ ಬಿಳಿ ಹುಳ ಮಿಸುಕಾಡುತ್ತಿದ್ದವು. ಒಂದಲ್ಲ, ಅಲ್ಲಿ ಸೇರಿಕೊಂಡಿದ್ದ ಅತ್ತಿಗೆಯ ಅಷ್ಟೂ ಕುರಿಗಳ ಬಲಗಿವಿಯನ್ನು ಅವನು, ನಕಲಿನ ಸುದ್ದಿ ಕೇಳಿ, ಆ ಕೆಲವು ದಿನಗಳಲ್ಲಿ ಕತ್ತರಿಸಿದ್ದ. ದಕ್ಕಿದರೆ ತನಗೆ, ಇಲ್ಲದಿದ್ದರೆ ಯಾರಿಗೂ ಬೇಡ ಎಂದು. ಒಂದು ಹುಳ ನನ್ನ ಮುಂಗೈ ಮೇಲೆ ಬಿತ್ತು. ಹುಟ್ಟಿದಾಗಿನಿಂದ ವಾಸನೆಗೆ ಮೂಗು ಮುಚ್ಚಿಕೊಂಡವನು ನಾನು. ಆವತ್ತು ನನಗೆ ಹೇಸಿಗೆಯಾದದ್ದು ಆ ಹುಳ ನೋಡಿ ಅಲ್ಲ, ಕೊಡೆಗಳ ಕೆಳಗಿನ ಮುಖಗಳನ್ನು ನೋಡಿ. ಯಾವ ಗಾಯ ಹಳತು, ಯಾವುದು ಹೊಸತು ಎಂದು ಕುರುಡನಿಗೂ ಮುಟ್ಟಿದರೆ ತಿಳಿಯುತ್ತಿತ್ತು. ಅವರೆಲ್ಲ ಹುಟ್ಟಿನಿಂದ ಕುರಿ ಮೇಯಿಸಿದವರು.

"ಎರಡೂ ಕಿವಿ ಗುರ್ತು ಕಂಪ್ಯೂಟ್ರಲ್ಲಿ ಯಾರ ಎಸ್ರಲ್ಲೂ ಇಲ್ವಲ್ಲಪ್ಪ. ಏಂ ಚೇಸೇದಿ, ಏನ್ ಮಾಡಾದು?" ಎಂದರು ಓಬಳಪ್ಪ, ಬೆಟ್ಟದ ಕಡೆ ನೋಡುತ್ತ.

"ಹುಳ ಬಿದ್ದ ಗಾಯ ಕಾಣ್ತಿಲ್ವಾ ನಿಮ್ಗೆ?" ಎಂದು ನಾನು ಕೂಗಿದೆ. "ಕಂಪ್ಯೂಟರ್ ಯಾಕೆ ಬೇಕು ಇದಕ್ಕೆ? ಕಣ್ಣಿಲ್ವಾ?"

"ಸಾಬ್ರು ಯಾಕಿಂಗೆ ಎಗರಾಡ್ತಾರೆ?" ಎಂದ ಒಬ್ಬ ನಿರ್ದೇಶಕ. ಇನ್ನೊಬ್ಬ ಬೀಡಿ ಹಚ್ಚಿದ.

ಕರಿಯಮ್ಮ ಬೇಲಿಯ ಪಕ್ಕದಲ್ಲಿದ್ದಳು. ಸೆರಗಿನಲ್ಲಿ ಸೀತಾಫಲದ ಸೊಪ್ಪು ಅರೆದು ಕಟ್ಟಿಕೊಂಡು ಬಂದಿದ್ದಳು; ಗಾಯದ ಸುದ್ದಿ ಅವಳಿಗೂ ಮುಟ್ಟಿತ್ತು. ಯಾರನ್ನೂ ಕೇಳದೆ ಬೇಲಿ ದಾಟಿ ಕೆಸರಿಗೆ ಇಳಿದಳು. ಒಂದೊಂದೇ ಕುರಿಯನ್ನು ಕಾಲ ಸಂದಿಯಲ್ಲಿ ಹಿಡಿದು, ಹುಳ ತೆಗೆದು, ಸೊಪ್ಪಿನ ರಸ ಹಿಂಡತೊಡಗಿದಳು. ತಲೆ ಎತ್ತದೆಯೇ ಕೇಳಿದಳು.

"ಓಬಳಪ್ಪಣ್ಣ, ನಿಮ್ಮಲ್ಲಿ ಯಾರಾನ ಕುರಿ ಮುಂದುಕ್ ನಿಂತ್ಕಂಡು ಮೇಯ್ಸಿದ್ದೀರಾ?"

ಮಳೆ ಕೊಡೆಗಳ ಮೇಲೆ ಸುರಿಯುತ್ತಲೇ ಇತ್ತು. ಬೀಡಿಯವನು ಬೀಡಿ ಎಸೆದ. ರಂಗಪ್ಪ ಏನೋ ಹೇಳಲು ಬಾಯಿ ತೆರೆದ. ಓಬಳಪ್ಪನವರು ಅವನ ಕಡೆ ಕೈ ಎತ್ತಿ ತಡೆದರು. ಅವರಿಗೆ ನಾಚಿಕೆಯಾಯಿತೋ, ಮಳೆಯಲ್ಲಿ ನಿಂತು ಸಾಕಾಗಿತ್ತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಒಳ್ಳೆಯದನ್ನು ಊಹಿಸುವಷ್ಟು ಔದಾರ್ಯ ನನ್ನಲ್ಲಿ ಉಳಿದಿಲ್ಲ.

"ತೀಸ್ಕೊಂಡ್ ಪೋಮ್ಮ" ಎಂದರು. "ನಿನ್ ಕುರಿ ನೀನ್ ಒಡ್ಕಂಡೋಗು."

ಒಬ್ಬರೂ ರಂಗಪ್ಪನನ್ನು ಒಂದು ಮಾತು ಕೇಳಲಿಲ್ಲ. ಅವನು ನಿರ್ದೇಶಕನಾಗಿಯೇ ಮುಂದುವರಿದ. ಮುಂದಿನ ಸಭೆಯಲ್ಲಿ ನನ್ನ ಎದುರೇ ಕೂತು ಉಪ್ಪಿಟ್ಟು ತಿಂದ.

ಗಾಯ ಮಾಯ್ದ ಮೇಲೆ ಕರಿಯಮ್ಮ ಕಚೇರಿಗೆ ಬಂದಳು. "ನನ್ ಗುರ್ತು ಬದ್ಲಾಯ್ಸು ನಯಾಜಪ್ಪ. ಎರಡೂ ಕಿವಿ."

"ಯಾಕಮ್ಮ? ನಿಮ್ದು ಎಡಗಿವಿ. ಸರಿ ಮಾಡಿದೀನಿ ನೋಡಿ."

"ಬ್ಯಾಡ. ಒಂದ್ ಕಿವಿ ಇದ್ರೆ ಅವನ್ಗೆ ಇನ್ನೊಂದ್ ಕಿವಿ ಬಿಟ್ಟಂಗೆ. ಅವ್ನ್ ಕತ್ತರಿಗೆ ಇನ್ನೇನೂ ಉಳೀಬಾರ್ದು." ಪರದೆಯ ಕಡೆ ನೋಡುತ್ತ, "ಮರಿಗೆ ಒಂದ್ ಕಿವಿ ಕುಯ್ಯಾಕೇ ನನ್ ಕೈ ಆಡಾಕಿಲ್ಲ. ಇನ್ ಎರಡು" ಎಂದಳು.

ಒಂದು ಮನೆಗೆ ಒಂದೇ ಕಿವಿ ಎಂದು ಆ ಅಪ್ಲಿಕೇಶನ್ನಿನ ಮೂಲದಲ್ಲೇ ಇತ್ತು. ಎರಡನ್ನು ಹಾಕಲು ಮತ್ತೆ ಎಲ್ಲ ಬಿಚ್ಚಬೇಕಾಯಿತು. ಬಿಚ್ಚಿದೆ. ಕೈ ಹಾಕಿದ ಮೇಲೆ ನಗುವ ಕುರಿಯನ್ನೂ ಓಡಿಸಿ ಹಳೆಯ ಅಂಡನ್ನು ತಂದು ಕೂರಿಸಿದೆ, ಹಿಕ್ಕೆಯನ್ನೂ ಬಿಡದೆ. ಅವಳು ಬಗ್ಗಿ, ಎರಡು ಬೆರಳಿನಿಂದ ಎರಡು ಕಿವಿ ಮುಟ್ಟಿ ನೋಡಿ ಹೋದಳು. ನಾನು ತಿದ್ದಿದ್ದನ್ನೆಲ್ಲ ಮೂಲ ಬರೆದವನ ಪುಟಕ್ಕೂ ಕಳಿಸಿದೆ, ಎಲ್ಲಾದರೂ ಇದ್ದರೆ ನೋಡಲಿ ಎಂದು. ಕೆಲವು ತಿಂಗಳ ಮೇಲೆ ಒಂದು ಉತ್ತರ ಬಂತು. ಯಾರೂ ಪ್ರತಿಕ್ರಿಯಿಸದ ಕಾರಣ ಇದನ್ನು ಮುಚ್ಚಲಾಗಿದೆ ಎಂದು ಯಾವುದೋ ಯಂತ್ರ ಬರೆದಿತ್ತು. ವಿಕಾಸ್‌ನ ಕಡೆಯವರು ಮಾತ್ರ ನಾನು ತಿದ್ದಿದ ಒಂದೇ ವಾರದಲ್ಲಿ ನಗುವ ಕುರಿಯನ್ನು ವಾಪಸು ತಂದಿದ್ದರು, ಕಿವಿಗಳನ್ನು ಮಾತ್ರ ಅದಲುಬದಲು ಮಾಡಿ. ಎರಡು ಕಿವಿಯ ಸಾಲು ಅವರ ಹೊಸ ವಿನ್ಯಾಸಕ್ಕೆ ಹೊಂದಲಿಲ್ಲವಂತೆ, ತೆಗೆದುಬಿಟ್ಟರು. ಆವತ್ತೇ ನಾನು ಕೆಲಸ ಬಿಟ್ಟೆ.

ಮಿಡಿಗೇಶಿಯಿಂದ ಬಸ್ಸು ಹೊರಟಿತು. ಊರು ದಾಟುವಷ್ಟರಲ್ಲಿ ಮತ್ತೆ ನಿಂತಿತು. ರಸ್ತೆ ತುಂಬ ಕುರಿ, ಎದುರಿನಿಂದ ಬರುತ್ತಿದ್ದವು. ಬಸ್ಸಿನ ಎರಡೂ ಬದಿಯಲ್ಲಿ ಒತ್ತಿಕೊಂಡು ಹಿಂದಕ್ಕೆ ಹರಿದವು. ಕೊನೆಯಲ್ಲಿ ತಲೆಗೆ ಪ್ಲಾಸ್ಟಿಕ್ ಚೀಲ ಹೊದ್ದ ಹೆಂಗಸೊಬ್ಬಳು ಕೋಲು ಹಿಡಿದು ಬರುತ್ತಿದ್ದಳು. ಕಿಟಕಿಯ ಪಕ್ಕವೇ ಹಾದುಹೋದಳು, ಮುಖ ಕಾಣಲಿಲ್ಲ. ನಾನು ಎದ್ದು, ಮುದುಕನ ಒದ್ದೆ ಕಂಬಳಿಯನ್ನು ದಾಟಿಕೊಂಡು, ಹಿಂದಿನ ಗಾಜಿನವರೆಗೆ ಹೋದೆ. ಈಗ ಕುರಿಗಳು ನನಗೆ ಬೆನ್ನು ಹಾಕಿದ್ದವು. ಆ ಮಳೆಗಾಲದ ಕುರಿಗಳಲ್ಲಿ ಒಂದೂ ಈಗ ಬದುಕಿರಲಾರದು. ಇವೆಲ್ಲ ಆಮೇಲೆ ಹುಟ್ಟಿದವು. ಎಲ್ಲವುಗಳ ಎರಡೂ ಕಿವಿಯಲ್ಲಿ ಓರೆ ಕಚ್ಚು. ಕೈ ಆಡುವುದಿಲ್ಲ ಎಂದವಳು ಒಂದೊಂದು ಮರಿಯನ್ನೂ ಎರಡೆರಡು ಸಲ ಕುಯ್ದಿದ್ದಳು. ಆ ರಂಗಪ್ಪನ ಮೇಲೆ ಮತ್ತೆ ಹೇಸಿಗೆಯಾಯಿತು.

ಸೀಟಿಗೆ ಬಂದು ಕೂತು ಬೆಳಗಿನ ಮೆಸೇಜು ತೆರೆದೆ. ಪ್ರಾಜೆಕ್ಟಿನವರು ಯಾವತ್ತೋ ಎದ್ದು ಹೋಗಿದ್ದರು. ಫ್ರೇಮ್‌ವರ್ಕಿನ ಆ ಹೊಸ ಆವೃತ್ತಿಯೂ ಈಗ ಹಳತಾಗಿದೆಯಂತೆ, ಸರ್ವರಿನವರು ಮತ್ತೆ ಗಡುವು ಕೊಟ್ಟಿದ್ದಾರಂತೆ, ಇನ್ನೊಂದು ಸಲ ಬಂದು ಮಾಡಿಕೊಡುತ್ತೀರಾ ಎಂದು ಸಂಘದ ಈಗಿನ ಕಾರ್ಯದರ್ಶಿ ಕೇಳಿದ್ದರು.

ಬರುತ್ತೇನೆ ಎಂದು ಬರೆದೆ. ಕುರಿ ಬೆನ್ನು ಹಾಕಿ ನಿಲ್ಲುತ್ತದೆ, ಕರಿಯಮ್ಮನವರ ಗುರುತು ಎರಡೂ ಕಿವಿಗೆ ಬರುತ್ತದೆ, ಇದಕ್ಕೆ ಒಪ್ಪಿಗೆಯಿದ್ದರೆ ಮಾತ್ರ ಎಂದೂ ಸೇರಿಸಿದೆ. ಕಳಿಸಿ, ಕರವಸ್ತ್ರ ಮೂಗಿಗೆ ಹಿಡಿದು ಕೂತೆ.